ತೊಗರಿ ಸಾಲಿನ ನಡುವಿನ ಗಾಂಜಾ ಗಿಡ ಮತ್ತು ಬದಲಾಗಬೇಕಾದ ಕಾನೂನು

ಮುಂಗಾರು ಮುಗಿದು ತೊಗರಿ ಹೂ ಬಿಡುವ ತಿಂಗಳುಗಳಲ್ಲಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಪತ್ರಿಕಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಕಾಣಿಸುತ್ತದೆ. ತೊಗರಿ ಅಥವಾ ಹತ್ತಿಯ ಸಾಲುಗಳ ಮರೆಯಲ್ಲಿ ಬೆಳೆಸಿದ್ದ ಗಾಂಜಾ ಗಿಡಗಳನ್ನು ಅಬಕಾರಿ ಇಲಾಖೆಯವರೋ ಪೊಲೀಸರೋ ಕಿತ್ತು ವಶಪಡಿಸಿಕೊಂಡರು, ಹೊಲದ ಮಾಲೀಕನನ್ನು ಬಂಧಿಸಿದರು ಎಂಬುದಷ್ಟೇ ಅದರ ಸಾರ. ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೇ ಎಂಬ ಚರ್ಚೆ ಮಹಾನಗರಗಳಲ್ಲಿ ವ್ಯಕ್ತಿಸ್ವಾತಂತ್ರ್ಯ, ಔಷಧಿ ಮತ್ತು ತೆರಿಗೆ ಆದಾಯದ ಸುತ್ತ ನಡೆಯುತ್ತದೆ. ಅದರಲ್ಲಿ ಈ ಬೆಳೆಗಾರನ ಹೆಸರು ಬರುವುದು ಅಪರೂಪ. ಆದರೆ ಕಾನೂನಿನ ಅತ್ಯಂತ ಭಾರವಾದ ಹೊರೆಗಳಲ್ಲೊಂದು ಬಿದ್ದಿರುವುದು ಅವನ ಮೇಲೆಯೇ. ಅದು ಹೇಗೆ ಬಿದ್ದಿತೆಂದು ತಿಳಿಯಲು ಒಂದು ಶತಮಾನಕ್ಕೂ ಹಿಂದೆ ಹೋಗಬೇಕು.

ಗಾಂಜಾ ಸೇವನೆ ಭಾರತೀಯರಲ್ಲಿ ಹುಚ್ಚು ಹಿಡಿಸುತ್ತಿದೆ ಎಂಬ ದೂರು ಬ್ರಿಟಿಷ್ ಸಂಸತ್ತಿನಲ್ಲಿ ಕೇಳಿಬಂದಾಗ, 1893ರಲ್ಲಿ ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗವೊಂದು ನೇಮಕವಾಯಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ವರದಿ ಸಲ್ಲಿಸಿದ ಆಯೋಗವು, ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿ ಖಚಿತ, ಪೂರ್ಣ ನಿಷೇಧ ಮಾತ್ರ ಅಗತ್ಯವೂ ಅಲ್ಲ, ಉಚಿತವೂ ಅಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಪರವಾನಗಿ, ಸುಂಕ, ಬೇಸಾಯದ ಮೇಲೆ ಹತೋಟಿ ಇವೇ ಅದು ತೋರಿಸಿದ ದಾರಿ. ನಮ್ಮ ಮೂರು ಜಿಲ್ಲೆಗಳ ಪ್ರದೇಶ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿಯೂ ಅಬಕಾರಿ ನಿಜಾಮ್ ಸರ್ಕಾರದ ಮುಖ್ಯ ಆದಾಯಗಳಲ್ಲೊಂದಾಗಿತ್ತು.

ಇದರ ಜೊತೆಗೆ ಸರ್ಕಾರದ ಲೆಕ್ಕಕ್ಕೆ ಸಿಗದ ಇನ್ನೊಂದು ಬಳಕೆಯೂ ಇತ್ತು. ಅವಧೂತ, ಆರೂಢ ಪರಂಪರೆಗಳ ಕೆಲವು ಸಾಧುಗಳಿಗೆ ಚಿಲುಮೆ ಧ್ಯಾನದ ಸಾಧನವಾಗಿತ್ತು. ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರ ಕ್ಷೇತ್ರದ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದಿದ್ದವು. ಈ ರೂಢಿಯನ್ನು ಮುಂದಿಟ್ಟುಕೊಂಡು ಗಾಂಜಾ ನಿರಪಾಯಕಾರಿ ಎಂದು ವಾದಿಸುವುದು ತಪ್ಪು. ಆದರೆ ಈ ಸೊಪ್ಪು ನಿನ್ನೆ ಮೊನ್ನೆ ಹೊರಗಿನಿಂದ ಬಂದ ಪಿಡುಗು ಎಂಬ ಮಾತೂ ಅಷ್ಟೇ ತಪ್ಪು.

ತಿರುವು ಬಂದದ್ದು ವಿಶ್ವಸಂಸ್ಥೆಯ 1961ರ ಮಾದಕ ವಸ್ತುಗಳ ಒಪ್ಪಂದದಿಂದ. ಗಾಂಜಾವನ್ನು ಹೆರಾಯಿನ್ ಜೊತೆಯಲ್ಲಿ ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿಸಿದ ಆ ಒಪ್ಪಂದ, ಸಾಂಪ್ರದಾಯಿಕ ಬಳಕೆಯಿದ್ದ ದೇಶಗಳಿಗೆ ಅದನ್ನು ನಿಲ್ಲಿಸಲು 25 ವರ್ಷಗಳ ಕಾಲಾವಕಾಶ ಕೊಟ್ಟಿತು. 1964ರಲ್ಲಿ ಜಾರಿಯಾದ ಒಪ್ಪಂದದ ಗಡುವು 1989ಕ್ಕೆ ತೀರುವುದಿತ್ತು. ಅದಕ್ಕೆ ನಾಲ್ಕು ವರ್ಷ ಮೊದಲು, 1985ರಲ್ಲಿ, ರಾಜೀವ್ ಗಾಂಧಿ ಸರ್ಕಾರ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯನ್ನು ತಂದಿತು. ಅದು ಆ ವರ್ಷದ ನವೆಂಬರ್ 14ರಂದು ಜಾರಿಗೆ ಬಂತು. ಗಿಡದ ಹೂವಿನ ತೆನೆಯಾದ ಗಾಂಜಾ, ಅದರ ಅಂಟಾದ ಚರಸ್, ಇವೆರಡೂ ನಿಷಿದ್ಧವಾದವು. ತೆನೆಯಿಂದ ಬೇರ್ಪಟ್ಟ ಎಲೆ ಮತ್ತು ಬೀಜವನ್ನು ವ್ಯಾಖ್ಯೆಯಿಂದ ಹೊರಗಿಟ್ಟದ್ದರಿಂದ ಎಲೆಯಿಂದ ಮಾಡುವ ಭಂಗಿ ಮಾತ್ರ ಆಯಾ ರಾಜ್ಯಗಳ ಅಬಕಾರಿ ನಿಯಮಕ್ಕೆ ಉಳಿಯಿತು. ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಆದೇಶವೊಂದರಲ್ಲಿ ಹೇಳಿದ್ದು ಈ ವ್ಯಾಖ್ಯೆಯ ಆಧಾರದ ಮೇಲೆಯೇ.

ಇಲ್ಲಿಂದ ಮುಂದಿನದು ನಮ್ಮ ಭಾಗದ ರೈತನಿಗೆ ನೇರವಾಗಿ ಸಂಬಂಧಿಸಿದೆ. ಮೂಲ ಕಾಯ್ದೆಯಲ್ಲಿ ಗಾಂಜಾ ಬೇಸಾಯಕ್ಕೆ ಗರಿಷ್ಠ ಶಿಕ್ಷೆ ಐದು ವರ್ಷವಿತ್ತು. 2001ರ ತಿದ್ದುಪಡಿ ಶಿಕ್ಷೆಯನ್ನು ಪ್ರಮಾಣಕ್ಕೆ ತಕ್ಕಂತೆ ಹಂತಗಳಾಗಿ ಒಡೆಯಿತು. ಗಾಂಜಾದಲ್ಲಿ 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ಇಟ್ಟುಕೊಂಡವನಿಗೆ, ಸಾಗಿಸಿದವನಿಗೆ, ಮಾರಿದವನಿಗೆ ಈ ಹಂತಗಳ ಅನುಕೂಲ ದೊರೆಯಿತು. ಬೆಳೆದವನಿಗೆ ದೊರೆಯಲಿಲ್ಲ. 20ನೇ ಸೆಕ್ಷನ್ನಿನಲ್ಲಿ ಬೇಸಾಯಕ್ಕೆ ಪ್ರಮಾಣದ ಭೇದವೇ ಇಲ್ಲದೆ ಹತ್ತು ವರ್ಷದವರೆಗಿನ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡ ನಿಗದಿಯಾಯಿತು. ಬದುವಿನಲ್ಲಿ ನಾಲ್ಕು ಗಿಡ ಬೆಳೆದವನೂ ಎಕರೆಗಟ್ಟಲೆ ಬೆಳೆದವನೂ ಒಂದೇ ಉಪವಾಕ್ಯದಡಿ ನಿಲ್ಲುತ್ತಾರೆ. ಸುಧಾರಣೆಯೆಂದು ಬಂದ ತಿದ್ದುಪಡಿಯೇ ಬೆಳೆಗಾರನ ಗರಿಷ್ಠ ಶಿಕ್ಷೆಯನ್ನು ಇಮ್ಮಡಿಗೊಳಿಸಿತು ಎಂಬುದು ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ.

ತೂಕದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಹಸಿ ಗಿಡಗಳನ್ನು ಬೇರು, ಕಾಂಡ, ಎಲೆ ಸಮೇತ ಕಿತ್ತು ತೂಗಿದರೆ ಕೆಲವೇ ಗಿಡಗಳು 20 ಕೆ.ಜಿ. ದಾಟಬಹುದು, ಕಾಯ್ದೆ ಗಾಂಜಾ ಎಂದು ಕರೆಯುವ ತೆನೆಯ ಪಾಲು ಅದರಲ್ಲಿ ಎಷ್ಟೆಂದು ಆ ತೂಕ ಹೇಳುವುದಿಲ್ಲ. ಬೇಸಾಯದ ಜೊತೆಗೆ ಇಟ್ಟುಕೊಂಡ ಆರೋಪವೂ ಸೇರಿ ಅದು ವಾಣಿಜ್ಯ ಪ್ರಮಾಣವೆಂದು ದಾಖಲಾದರೆ 37ನೇ ಸೆಕ್ಷನ್ ಅನ್ವಯವಾಗುತ್ತದೆ. ಆಗ ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ, ಬಿಡುಗಡೆಯಾದರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗುವವರೆಗೆ ಜಾಮೀನು ಸಿಗುವುದಿಲ್ಲ. ಗಾಂಜಾ ಪ್ರಕರಣವೊಂದರಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲ ವಿಚಾರಣಾಧೀನ ಕೈದಿಯಾಗಿದ್ದವನಿಗೆ 2023ರಲ್ಲಿ ಜಾಮೀನು ನೀಡಿದ ಸುಪ್ರೀಂ ಕೋರ್ಟ್, ವಿಚಾರಣೆಯ ವಿಪರೀತ ವಿಳಂಬವಾದಾಗ ಈ ನಿರ್ಬಂಧವೊಂದೇ ಅಡ್ಡಿಯಾಗಬಾರದೆಂದು ಹೇಳಿದೆ. ಆದರೆ ಅಷ್ಟು ದೂರ ಹೋಗುವ ವಕೀಲರ ವೆಚ್ಚವನ್ನು ಮಳೆಯಾಶ್ರಿತ ಐದು ಎಕರೆಯ ಒಕ್ಕಲಿಗ ಎಲ್ಲಿಂದ ತರಬೇಕು?

ಗಾಂಜಾದ ದೊಡ್ಡ ವಹಿವಾಟು ನಮ್ಮಲ್ಲಿ ಇಲ್ಲವೆಂದಲ್ಲ. ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಂದ ಮಹಾರಾಷ್ಟ್ರದ ಕಡೆಗೆ ಹೋಗುವ ಸರಕಿಗೆ ಹೈದರಾಬಾದ್, ಹುಮನಾಬಾದ್, ಸೊಲ್ಲಾಪುರದ ಹೆದ್ದಾರಿ ಸಹಜ ಮಾರ್ಗ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪೊಲೀಸರು ಕಾಳಗಿ ತಾಲ್ಲೂಕಿನ ಕುರಿ ಸಾಕಾಣಿಕೆ ಶೆಡ್ಡೊಂದರ ನೆಲದಡಿಯಿಂದ 1,300 ಕೆ.ಜಿ.ಗೂ ಹೆಚ್ಚು ಗಾಂಜಾ ಹೊರತೆಗೆದರು. ಅದು ಒಡಿಶಾದಿಂದ ಬಂದದ್ದೆಂದು ಹೇಳಿದರು. ಎರಡು ವರ್ಷದ ನಂತರ ಮಹಾರಾಷ್ಟ್ರ ಗಡಿಯಲ್ಲಿ ಗಾಂಜಾ ಜಾಲದ ಬೆನ್ನುಹತ್ತಿ ಹೋದ ಕಲಬುರಗಿಯ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರು ಗುಂಪಿನ ಹಲ್ಲೆಯಿಂದ ತೀವ್ರವಾಗಿ ಗಾಯಗೊಂಡರು. ಈ ವ್ಯವಹಾರವನ್ನು ಹತ್ತಿಕ್ಕಲೇಬೇಕು. ಅದಕ್ಕಾಗಿಯೇ ಕ್ವಿಂಟಲ್‌ಗಟ್ಟಲೆ ಸಾಗಿಸುವವರಿಗೂ ಬದುವಿನ ನಾಲ್ಕು ಗಿಡಕ್ಕೂ ವ್ಯತ್ಯಾಸ ಮಾಡಬೇಕು. ತನಿಖೆಗೆ ಇರುವ ಸಿಬ್ಬಂದಿ ಮತ್ತು ಸಮಯ ಎರಡೂ ಸೀಮಿತ.

ಹೊರಗಿನ ಜಗತ್ತು ಈ ನಡುವೆ ಬದಲಾಗಿದೆ. ಉರುಗ್ವೆ 2013ರಲ್ಲಿ, ಕೆನಡಾ 2018ರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದವು. 2022ರಲ್ಲಿ ನಿರ್ಬಂಧ ತೆಗೆದ ಥಾಯ್ಲೆಂಡ್ 2025ರಲ್ಲಿ ಮತ್ತೆ ವೈದ್ಯರ ಚೀಟಿಯ ನಿಯಮಕ್ಕೆ ಮರಳಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗ ಗಾಂಜಾವನ್ನು ಅತ್ಯಂತ ಅಪಾಯಕಾರಿ ಪಟ್ಟಿಯಿಂದ 27–25 ಮತಗಳಿಂದ ಕೈಬಿಟ್ಟಾಗ ಭಾರತ ಪರವಾಗಿ ಮತ ಹಾಕಿತು. ನಮ್ಮಲ್ಲಿ ಪಟಿಯಾಲದ ಸಂಸದ ಧರಮ್‌ವೀರ ಗಾಂಧಿ ಕಾಯ್ದೆಯ ತಿದ್ದುಪಡಿಗೆ ಖಾಸಗಿ ಮಸೂದೆಯ ಮೂಲಕ ಯತ್ನಿಸಿದ್ದರು. ಉತ್ತರಾಖಂಡ 14ನೇ ಸೆಕ್ಷನ್ನಿನ ಅವಕಾಶ ಬಳಸಿ, ಅಮಲಿನ ಅಂಶ ಶೇ. 0.3ನ್ನು ಮೀರದ ತಳಿಯನ್ನು ನಾರು ಮತ್ತು ಬೀಜಕ್ಕಾಗಿ ಬೆಳೆಯಲು 2018ರಲ್ಲಿ ಪರವಾನಗಿ ಕೊಟ್ಟಿತು.

ಸಂಪೂರ್ಣ ಕಾನೂನುಬದ್ಧತೆಯ ಬಗ್ಗೆ ನನಗೆ ಅವಸರವಿಲ್ಲ. ಹದಿಹರೆಯದಲ್ಲಿ ನಿತ್ಯ ಗಾಂಜಾ ಸೇದುವವರಲ್ಲಿ ತೀವ್ರ ಮಾನಸಿಕ ಕಾಯಿಲೆಯ ಸಂಭವ ಹೆಚ್ಚುತ್ತದೆಂಬುದು ವೈದ್ಯಕೀಯವಾಗಿ ಗಟ್ಟಿಯಾದ ತಿಳಿವಳಿಕೆ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಂಗಿ, ಗಾಂಜಾ, ಚರಸ್ ಬಳಸುವವರು ಸುಮಾರು 3.1 ಕೋಟಿ, ಅವರಲ್ಲಿ ಸುಮಾರು 72 ಲಕ್ಷ ಜನರಿಗೆ ನೆರವು ಬೇಕಾಗಿದೆ. ವ್ಯಸನಿಯು ತಾನಾಗಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುವ 64ಎ ಸೆಕ್ಷನ್ ಈಗಾಗಲೇ ಕಾಯ್ದೆಯಲ್ಲಿದೆ. ಅದು ನಮ್ಮ ಮೂರು ಜಿಲ್ಲೆಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರಬೇಕಾದರೆ ಹೊಸ ಶಾಸನ ಬೇಕಿಲ್ಲ. ಹಳ್ಳಿಯ ಹುಡುಗ ಹೆದರದೆ ಹೋಗಬಹುದಾದ ಚಿಕಿತ್ಸಾ ಕೇಂದ್ರ ಮತ್ತು ಈ ಅವಕಾಶವನ್ನು ಅವನಿಗೆ ತಿಳಿಸುವ ಪೊಲೀಸ್ ಠಾಣೆ ಬೇಕು. ಬೇಸಾಯದ ಉಪವಾಕ್ಯಕ್ಕೆ ಪ್ರಮಾಣದ ಹಂತಗಳನ್ನು ಸೇರಿಸುವ ಕೆಲಸ ಮಾತ್ರ ಸಂಸತ್ತಿನದು, ಮತ್ತು ಈ ಭಾಗದ ಲೋಕಸಭಾ ಸದಸ್ಯರು ಆ ಒಂದು ತಿದ್ದುಪಡಿಯನ್ನು ಕೇಳಲು ಗಾಂಜಾದ ಪರ ನಿಲ್ಲಬೇಕಾದ ಅಗತ್ಯವೇ ಇಲ್ಲ.