‘ಅರ್ಥ ಆಯ್ತಾ?’ ಅಂತ ಕೇಳಿದರೆ ಸಾಲದು

ಕಾಲೇಜಿನಲ್ಲಿ ಪಾಠ ಮಾಡುವವರು ದಿನಕ್ಕೆ ಹತ್ತು ಸಲವಾದರೂ ಕೇಳುವ ಪ್ರಶ್ನೆ ಒಂದಿದೆ. “ಅರ್ಥ ಆಯ್ತಾ?” ಉತ್ತರವೂ ಗೊತ್ತಿರುವುದೇ. “ಆಯ್ತು ಮೇಡಂ.” ಮುಂದಿನ ಬೆಂಚಿನವರು ಜೋರಾಗಿ ಹೇಳುತ್ತಾರೆ, ಹಿಂದಿನವರು ತಲೆಯಾಡಿಸುತ್ತಾರೆ. ನಾವು ಬೋರ್ಡ್ ಒರೆಸಿ ಮುಂದಿನ ಸೂತ್ರಕ್ಕೆ ಹೋಗುತ್ತೇವೆ. ಇಂಟರ್ನಲ್ಸ್ ಪೇಪರ್ ತಿದ್ದಲು ಕೂತಾಗ ಗೊತ್ತಾಗುತ್ತದೆ, ಆಗಿರಲಿಲ್ಲ ಅಂತ.

ಮಕ್ಕಳು ಸುಳ್ಳು ಹೇಳುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಆ ಗಳಿಗೆಯಲ್ಲಿ ಅವರಿಗೆ ನಿಜಕ್ಕೂ ಅರ್ಥವಾದ ಹಾಗೇ ಇರುತ್ತದೆ. ತೊಂದರೆ ಇರುವುದೇ ಅಲ್ಲಿ.

ನಾನು ಭೌತಶಾಸ್ತ್ರ ಹೇಳಿಕೊಡುವುದು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ, ತಿಪಟೂರಿನ ಕಡೆ. ತರಗತಿಯ ಅರ್ಧ ಮಕ್ಕಳ ಮನೆಯಲ್ಲಿ ತೋಟವಿದೆ. ಒಮ್ಮೆ ಮೊದಲ ವರ್ಷದವರಿಗೆ, ಮೇಲಿನಿಂದ ಬೀಳುವ ವಸ್ತುಗಳ ಪಾಠ ಮುಗಿಸಿದ್ದೆ. ಲೆಕ್ಕಗಳನ್ನೂ ಚೆನ್ನಾಗಿ ಮಾಡಿದ್ದರು. ಮಾರನೇ ದಿನ ಎರಡು ಕಾಯಿ ತೆಗೆದುಕೊಂಡು ಹೋದೆ. ಒಂದು ಎಳನೀರು. ಇನ್ನೊಂದು, ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದು, ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಟಲೊಟ ಅನ್ನುವ ಕಾಯಿ. ಗಾತ್ರ ಹೆಚ್ಚುಕಮ್ಮಿ ಒಂದೇ. ತೂಕ ಮಾತ್ರ ಅಜಗಜಾಂತರ. ಎರಡನ್ನೂ ಮೊದಲ ಮಹಡಿಯ ಕಾರಿಡಾರಿನಿಂದ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತದೆ? ಎಳನೀರು ಅನ್ನುವವರು ಒಂದು ಬೆರಳು, ಗಿಟುಕು ಅನ್ನುವವರು ಎರಡು, ಎರಡೂ ಒಟ್ಟಿಗೆ ಅನ್ನುವವರು ಮೂರು. ಬೆರಳನ್ನು ಎದೆಯ ಹತ್ತಿರ ಹಿಡಿಯಬೇಕು, ಅಕ್ಕಪಕ್ಕದವರಿಗೆ ಕಾಣಬಾರದು.

ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಬೆರಳು ತೋರಿಸಿದರು. ಹಿಂದಿನ ದಿನ ಅದರದೇ ಸೂತ್ರ ಬರೆದು, ಲೆಕ್ಕ ಮಾಡಿ, ‘ಆಯ್ತು ಮೇಡಂ’ ಅಂದವರು!

ನಾನು ಉತ್ತರ ಹೇಳಲಿಲ್ಲ. “ಬೇರೆ ಬೆರಳು ತೋರಿಸಿದವರನ್ನು ಹುಡುಕಿ, ಎರಡು ನಿಮಿಷ ಮಾತಾಡಿ, ಅವರನ್ನು ಒಪ್ಪಿಸಿ” ಅಂದೆ. ತರಗತಿ ಸಂತೆಯಾಯಿತು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಗೆಳತಿಗೆ ಹೇಳುತ್ತಿದ್ದಳು: “ಭಾರ ಇದ್ರೆ ಭೂಮಿ ಜಾಸ್ತಿ ಎಳೆಯುತ್ತೆ, ಸರಿ. ಆದ್ರೆ ಭಾರ ಇರೋದನ್ನ ಜರುಗಿಸೋದೂ ಅಷ್ಟೇ ಕಷ್ಟ ಅಲ್ವಾ? ತುಂಬಿದ ಗಾಡಿ ತಳ್ಳಿದ ಹಾಗೆ.” ನಾನು ಬೋರ್ಡಿನ ಮೇಲೆ ಸಮೀಕರಣದ ಎರಡೂ ಕಡೆಯ ‘ಎಂ’ (ಅಂದರೆ ದ್ರವ್ಯರಾಶಿ) ಹೊಡೆದು ಹಾಕಿ ಇಂಗ್ಲಿಷಿನಲ್ಲಿ ಹೇಳಿದ್ದೂ ಇದನ್ನೇ. ಆದರೆ ಅದು ಗೆಳತಿಗೆ ತಾಗಿದ್ದು ತುಂಬಿದ ಗಾಡಿಯಿಂದ. ಮತ್ತೆ ಬೆರಳು ತೋರಿಸಿ ಅಂದಾಗ ಮೂರು ಬೆರಳುಗಳೇ ಜಾಸ್ತಿ ಇದ್ದವು. ಆಮೇಲೆ ಒಬ್ಬ ಹುಡುಗ ಮೇಲೆ ಹೋಗಿ ಕಾಯಿ ಬಿಟ್ಟ. ಧಪ್ ಅಂತ ಒಂದೇ ಸದ್ದು.

ಈ ಉಪಾಯ ನನ್ನದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಮೇಷ್ಟ್ರಿದ್ದಾರೆ. 1990ರ ಸುಮಾರಿಗೆ ಅವರು ತಮ್ಮ ವಿದ್ಯಾರ್ಥಿಗಳಿಗೆ ಬಲ ಮತ್ತು ಚಲನೆಯ ಬಗ್ಗೆ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಲೆಕ್ಕವೇನೂ ಇಲ್ಲ, ದಿನನಿತ್ಯದ ಸಂಗತಿಗಳು. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ: ಇವಕ್ಕೆ ನೀವು ಕಲಿಸಿದ ರೀತಿಯಲ್ಲಿ ಉತ್ತರ ಬರೆಯಬೇಕಾ, ಇಲ್ಲ ನಾನು ಯೋಚನೆ ಮಾಡುವ ರೀತಿಯಲ್ಲಾ? ಆ ಪ್ರಶ್ನೆ ಓದಿದಾಗ ನನಗೆ ಜುಮ್ಮೆಂದಿತ್ತು. ಒಂದೇ ತಲೆಯಲ್ಲಿ ಎರಡು ಭೌತಶಾಸ್ತ್ರ. ಒಂದು ಪರೀಕ್ಷೆಗೆ, ಇನ್ನೊಂದು ಬದುಕಿಗೆ. ಮಜೂರ್ ಆಮೇಲೆ ಭಾಷಣ ಕಡಿಮೆ ಮಾಡಿ, ಪ್ರಶ್ನೆ ಕೇಳಿ ಮಕ್ಕಳು ಮಕ್ಕಳಿಗೇ ಹೇಳಿಕೊಡುವ ಈ ಪದ್ಧತಿ ಶುರು ಮಾಡಿದರು.

ಚೆನ್ನಾಗಿ ಓದಿಕೊಂಡ ಮೇಷ್ಟರಿಗಿಂತ ಪಕ್ಕದ ಹುಡುಗಿ ಹೇಗೆ ಚೆನ್ನಾಗಿ ಹೇಳಿಕೊಡುತ್ತಾಳೆ? 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಪ್ರಯೋಗ ಮಾಡಿದ್ದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಂಡು ಅದರ ತಾಳವನ್ನು ಮೇಜಿನ ಮೇಲೆ ಕುಟ್ಟಬೇಕು. ಎದುರಿಗಿದ್ದವರು ಹಾಡು ಯಾವುದು ಅಂತ ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಅಂತ ಕುಟ್ಟಿದವರ ಅಂದಾಜು. ಕೇಳಿದವರು ಗುರುತಿಸಿದ್ದು 120ರಲ್ಲಿ ಬರೀ 3. ಕುಟ್ಟುವವರ ತಲೆಯಲ್ಲಿ ಇಡೀ ಹಾಡು ಮೊಳಗುತ್ತಿರುತ್ತದೆ, ಎದುರಿನವರಿಗೆ ಕೇಳುವುದು ಟಕ್ ಟಕ್ ಅಷ್ಟೇ. ಇಪ್ಪತ್ತು ವರ್ಷ ಒಂದೇ ವಿಷಯ ಪಾಠ ಮಾಡಿದವರಿಗೆ ಆ ಹಾಡು ಇಲ್ಲದ ಮೌನ ಹೇಗಿರುತ್ತದೆ ಅನ್ನುವುದೇ ಮರೆತುಹೋಗಿರುತ್ತದೆ. ಪಕ್ಕದ ಹುಡುಗಿಗೆ ಮರೆತಿಲ್ಲ. ಎಲ್ಲಿ ಎಡವಿದೆ ಅನ್ನುವುದು ಅವಳಿಗಿನ್ನೂ ನೆನಪಿದೆ.

ಇದು ಒಂದೆರಡು ತರಗತಿಗಳ ಕಥೆಯಲ್ಲ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ 2014ರಲ್ಲಿ ಬಂತು. ಸುಮ್ನೆ ಕೂತು ಕೇಳುವ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲಾಗಿದ್ದರು. ಮಕ್ಕಳೇ ಯೋಚಿಸಿ, ಮಾತಾಡಿ, ಬಿಡಿಸುವ ತರಗತಿಗಳಲ್ಲಿ ಸುಮಾರು 22. ಇದು ಅಂಕಿ ಅಂತ ಓದಿಕೊಂಡು ಹೋಗಬೇಡಿ. ನೂರರಲ್ಲಿ ಹನ್ನೆರಡು ಜನ ಅಂದರೆ, ನಮ್ಮ ಕಡೆಯ ಲೆಕ್ಕದಲ್ಲಿ, ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಮೆಟ್ಟಿಲು ಹತ್ತಿದ ಹನ್ನೆರಡು ಮಕ್ಕಳು.

ಇನ್ನೊಂದು ಸಂಗತಿ ನೆನಪಿನದು. ಪರೀಕ್ಷೆ ಬಂತೆಂದರೆ ನಮ್ಮ ಮಕ್ಕಳು ನೋಟ್ಸ್ ಹಿಡಿದು ಮತ್ತೆ ಮತ್ತೆ ಓದುತ್ತಾರೆ. ಬಸ್‌ಸ್ಟ್ಯಾಂಡಿನಲ್ಲೂ ಓದುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಗುಂಪಿಗೆ ಒಂದು ಪಾಠವನ್ನು ನಾಲ್ಕು ಅವಧಿ ಓದಿಸಿದರು. ಇನ್ನೊಂದು ಗುಂಪಿಗೆ ಒಂದೇ ಅವಧಿ ಓದಿಸಿ, ಮೂರು ಸಲ ನೋಡದೆ ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ: ಅವರಿಗೆ ನೆನಪಿದ್ದದ್ದು ಶೇಕಡಾ 83, ಬರೆದವರಿಗೆ 71. ವಾರ ಬಿಟ್ಟು ಕೇಳಿದಾಗ ಎಲ್ಲ ತಿರುಗುಮುರುಗು. ಓದಿದವರಿಗೆ ನೆನಪಿದ್ದದ್ದು ಶೇಕಡಾ 40, ಬರೆದವರಿಗೆ 61. ನೆನಪು ಗಟ್ಟಿಯಾಗುವುದು ಒಳಗೆ ಹಾಕುವಾಗ ಮಾತ್ರವಲ್ಲ, ಹೊರಗೆ ತೆಗೆಯುವಾಗಲೂ. ನಡೆದಾಡಿದಷ್ಟೂ ಕಾಲುದಾರಿ ಸವೆದು ಸ್ಪಷ್ಟವಾಗುತ್ತದಲ್ಲ, ಹಾಗೆ.

ಅದಕ್ಕೇ ಈಗ ನಾನು ಹಾಜರಿ ಆದ ಮೇಲೆ ಮೊದಲ ಐದು ನಿಮಿಷ ಪಾಠ ಮಾಡುವುದಿಲ್ಲ. ಪುಸ್ತಕ ಮುಚ್ಚಿ, ಹೋದ ವಾರದ ಎರಡು ಪ್ರಶ್ನೆಗೆ ತುಂಡು ಕಾಗದದಲ್ಲಿ ಉತ್ತರ ಬರೆಯಬೇಕು. ಮಾರ್ಕ್ಸ್ ಇಲ್ಲ, ಹೆಸರೂ ಬೇಡ. ಮಾರ್ಕ್ಸ್ ಕೊಟ್ಟರೆ ಪಕ್ಕದವರದು ನೋಡಿ ಬರೆಯುತ್ತಾರೆ, ಎಲ್ಲ ಕೆಟ್ಟಿತು.

ಮೊದಮೊದಲು ಮಕ್ಕಳಿಗೆ ಇದು ಹಿಡಿಸುವುದಿಲ್ಲ. “ಮೇಡಂ, ನೀವೇ ಹೇಳಿಬಿಡಿ, ಚೆನ್ನಾಗಿರುತ್ತೆ” ಅನ್ನುತ್ತಾರೆ. ಇದಕ್ಕೂ ಪುರಾವೆ ಇದೆ. 2019ರಲ್ಲಿ ಹಾರ್ವರ್ಡ್‌ನಲ್ಲೇ ಭೌತಶಾಸ್ತ್ರದ ವಿದ್ಯಾರ್ಥಿಗಳನ್ನು ಎರಡೂ ರೀತಿಯ ತರಗತಿಯಲ್ಲಿ ಕೂರಿಸಿ ನೋಡಿದರು. ತಾವೇ ಬಿಡಿಸಿದ ತರಗತಿಯಲ್ಲಿ ಕಲಿತದ್ದು ಜಾಸ್ತಿ. ಆದರೆ ಜಾಸ್ತಿ ಕಲಿತೆವು ಅಂತ ಅವರಿಗೆ ಅನಿಸಿದ್ದು ಸೊಗಸಾದ ಭಾಷಣ ಕೇಳಿದ ತರಗತಿಯಲ್ಲಿ. ತಲೆ ಬಿಸಿಯಾದರೆ ಕಲಿಯುತ್ತಿಲ್ಲ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ನಾನು ಇದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡುತ್ತೇನೆ. ಹೇಳದೆ ಮಾಡಿದರೆ, ಮೇಡಂ ಪಾಠ ಮಾಡದೆ ಕಾಲ ಕಳೆಯುತ್ತಾರೆ ಅಂದುಕೊಳ್ಳುತ್ತಾರೆ.

ಭಾಷೆಯ ಕಷ್ಟ ಬೇರೆ ಇದೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗ ಇಂಗ್ಲಿಷ್ ಪಾಠ ಕೇಳುವಾಗ ಎರಡು ಕೆಲಸ ಒಟ್ಟಿಗೆ ಮಾಡುತ್ತಿರುತ್ತಾನೆ. ನಮ್ಮ ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಹೊಸ ಸಂಗತಿಗಳು ತೀರಾ ಕಡಿಮೆ, ನಾಲ್ಕೈದು ಅಷ್ಟೇ. ಅದರಲ್ಲಿ ಅರ್ಧ ಜಾಗ ಪದಗಳ ಅರ್ಥ ಹುಡುಕುವುದಕ್ಕೇ ಹೋದರೆ ವಿಷಯಕ್ಕೆ ಉಳಿಯುವುದೇನು? ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ. ಚರ್ಚೆ ಮಾತ್ರ ಕನ್ನಡದಲ್ಲೇ ಆಗಲಿ ಅನ್ನುವುದು ನನ್ನ ಹಟ.

ಇದನ್ನೆಲ್ಲ ಮಾಡುವುದು ಸುಲಭ ಅಂತ ನಾನು ಹೇಳುವುದಿಲ್ಲ. ಪೋರ್ಷನ್ ಮುಗಿಸಬೇಕು. ಸಂಬಳ ಯಾವಾಗ ಬರುತ್ತದೋ ಅಂತ ಕಾಯುವ ಅತಿಥಿ ಉಪನ್ಯಾಸಕರಿಂದ ಹೊಸ ಪ್ರಯೋಗ ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಆದರೂ ತುಂಡು ಕಾಗದಕ್ಕೆ, ಎದೆಯ ಹತ್ತಿರ ಹಿಡಿದ ಬೆರಳಿಗೆ ಬಜೆಟ್ ಬೇಕಿಲ್ಲ.

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ, ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಬಂದ ಎಚ್. ನರಸಿಂಹಯ್ಯನವರೂ ಭೌತಶಾಸ್ತ್ರದ ಮೇಷ್ಟ್ರೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅವರು ಮಕ್ಕಳಿಗೆ ಹೇಳುತ್ತಿದ್ದದ್ದು, ಪ್ರಶ್ನಿಸದೆ ಒಪ್ಪಿಕೊಳ್ಳಬೇಡಿ ಅಂತ. ಆದರೆ ಪ್ರಶ್ನೆ ಹುಟ್ಟುವುದಕ್ಕೆ ಹೊತ್ತು ಬೇಕು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ಶಾಲೆಯ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದವರೂ ಮಾತಾಡಿದರು. ಪಾಠ ಮಾಡುವವರಿಗೆ ಮೂರು ಸೆಕೆಂಡ್ ಮೌನ ಎಷ್ಟು ಭಾರ ಅನ್ನುವುದು ನಿಂತು ನೋಡಿದವರಿಗೇ ಗೊತ್ತು.

ಆ ಕಾಯಿ ಬಿಟ್ಟ ದಿನ ಬೆಲ್ ಆಗುವ ಹೊತ್ತಿಗೆ ಕೊನೆಯ ಬೆಂಚಿನಿಂದ ಒಬ್ಬ ಎದ್ದು ನಿಂತ. ವರ್ಷದಲ್ಲಿ ಮೊದಲ ಸಲ ಅವನ ದನಿ ಕೇಳಿದ್ದು. “ಮೇಡಂ, ಮಹಡಿ ಚಿಕ್ಕದು. ನಮ್ಮ ತೋಟದಲ್ಲಿ ಅರವತ್ತು ಅಡಿ ಮರ ಇದೆ. ಅಲ್ಲಿಂದ ಬಿಟ್ರೂ ಒಟ್ಟಿಗೇ ಬೀಳುತ್ತಾ? ನಡುವೆ ಗಾಳಿ ಇರುತ್ತಲ್ವಾ?”

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ತಡೆದುಕೊಂಡೆ. ಸೀಮೆಸುಣ್ಣ ಕೆಳಗಿಟ್ಟು, ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂದು, ಎರಡು, ಮೂರು. ಕಿಟಕಿಯ ಪಕ್ಕದ ಹುಡುಗಿ ಕೈ ಎತ್ತಿದಳು.