ಬಾಯಿಗೆ ಬಂದ ಉತ್ತರ

1982ರ ಜನವರಿ 13, ವಾಷಿಂಗ್ಟನ್. ಹಿಮ ಬೀಳುತ್ತಿದೆ. ಏರ್ ಫ್ಲೋರಿಡಾ ಸಂಸ್ಥೆಯ ಬೋಯಿಂಗ್ 737 ಹೊರಡುವುದು ಆಗಲೇ ತಡವಾಗಿದೆ. ಸಹ ಪೈಲಟ್ ಚೆಕ್‌ಲಿಸ್ಟ್‌ನ ಒಂದೊಂದೇ ಅಂಶ ಓದುತ್ತಾರೆ, ಕ್ಯಾಪ್ಟನ್ ಒಂದೊಂದಕ್ಕೂ ಉತ್ತರ ಕೊಡುತ್ತಾರೆ. 'ಆಂಟಿ ಐಸ್?' 'ಆಫ್.' ಓದು ಮುಂದಿನ ಸಾಲಿಗೆ ಹೋಗುತ್ತದೆ.

ಎಂಜಿನ್‌ನಲ್ಲಿ ಹಿಮ ಕಟ್ಟದಂತೆ ಕಾಯಿಸುವ ಸ್ವಿಚ್ ಅದು. ಕಿಟಕಿಯಾಚೆ ಹಿಮಪಾತ, ಸ್ವಿಚ್ ಆಫ್. ಇಬ್ಬರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಬೆಚ್ಚಗಿನ ಊರುಗಳ ನಡುವೆಯೇ ಹೆಚ್ಚು ಹಾರಾಡಿದವರಿಗೆ ಆ ಪ್ರಶ್ನೆಗೆ ರೂಢಿಯ ಉತ್ತರ 'ಆಫ್' ಎಂದೇ ಇದ್ದಿರಬೇಕು. ಮಗ್ಗಿ ಒಪ್ಪಿಸುವಾಗ ನಾವು ಗುಣಾಕಾರ ಮಾಡುತ್ತೇವೆಯೇ? ಬಾಯಿ ತಾನಾಗಿ ಹೇಳಿಬಿಡುತ್ತದೆ.

ಎಂಜಿನ್ ಬಾಯಲ್ಲಿ ಗಾಳಿಯ ಒತ್ತಡ ಅಳೆಯುವ ಸಣ್ಣ ಕೊಳವೆಯೊಂದಿರುತ್ತದೆ. ಅದಕ್ಕೆ ಹಿಮ ಕಟ್ಟಿಕೊಂಡಿತು. ಎಂಜಿನ್ ಎಷ್ಟು ಜೋರಾಗಿ ತಳ್ಳುತ್ತಿದೆ ಎಂದು ತೋರಿಸುವ ಮುಳ್ಳು ಬೇಕಾದ 2.04ಕ್ಕೇ ಬಂದು ನಿಂತಿತು, ನಿಜಕ್ಕೂ ಇದ್ದದ್ದು ಸುಮಾರು 1.70. ರನ್‌ವೇ ಮೇಲೆ ಓಡುವಾಗಲೇ ಸಹ ಪೈಲಟ್‌ಗೆ ಅನುಮಾನ ಬಂತು, ಒಂದಕ್ಕಿಂತ ಹೆಚ್ಚು ಸಲ ಬಾಯಿಬಿಟ್ಟು ಹೇಳಿಯೂ ಹೇಳಿದರು. ಕ್ಯಾಪ್ಟನ್ ನಿಲ್ಲಿಸಲಿಲ್ಲ. ರೆಕ್ಕೆಗಳ ಮೇಲೂ ಹಿಮ ಇತ್ತು. ಮೇಲೆದ್ದ ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು.

ಇಂಥ ಅಪಘಾತಗಳ ವರದಿ ಓದುವಾಗ ನನ್ನನ್ನು ಕಾಡುವುದು ತಪ್ಪಿನ ಸಣ್ಣತನ. ವಿಮಾನ ಹಾರಿಸಲು ಬಾರದವರು ಇವರಲ್ಲ. ಅದೇ ಕೆಲಸವನ್ನು ಸಾವಿರಾರು ಸಲ ಸರಿಯಾಗಿ ಮಾಡಿದವರು, ಸಾವಿರಾರು ಸಲ ಮಾಡಿದ್ದರಿಂದಲೇ ಈ ಬಲೆಗೆ ಬೀಳುತ್ತಾರೆ. ಕೈ ಪಳಗಿದಷ್ಟೂ ಕಣ್ಣು ಇರುವುದನ್ನು ಬಿಟ್ಟು, ಇರಬೇಕಾದ್ದನ್ನು ಕಾಣತೊಡಗುತ್ತದೆ.

ಚೆಕ್‌ಲಿಸ್ಟ್ ಹುಟ್ಟಿದ್ದೇ ಹೀಗೊಂದು ಮರೆವಿನಿಂದ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಹೊಸ ಬಾಂಬರ್, ಮಾಡೆಲ್ 299, ಮೇಲೆದ್ದ ಕೂಡಲೇ ನೆಲಕ್ಕೆ ಬಿತ್ತು. ನಿಂತ ವಿಮಾನದ ಬಾಲದ ಪಟ್ಟಿಗಳು ಗಾಳಿಗೆ ಬಡಿದಾಡದಿರಲೆಂದು ಹಾಕುವ ಬೀಗವನ್ನು ತೆಗೆಯಲು ಮರೆತಿದ್ದರು. ಚಾಲಕರ ಸ್ಥಾನದಲ್ಲಿದ್ದವರು ಸೇನೆಯ ಅನುಭವಿ ಪರೀಕ್ಷಾ ಪೈಲಟ್ ಪ್ಲಾಯರ್ ಹಿಲ್. ಈ ಯಂತ್ರವನ್ನು ನೆನಪಿನ ಬಲದಿಂದಷ್ಟೇ ನಡೆಸಲಾಗದು ಎಂದು ಒಪ್ಪಿಕೊಂಡ ಮೇಲೆ ಚೆಕ್‌ಲಿಸ್ಟ್ ಬಂತು. ಕಾಲಕ್ರಮದಲ್ಲಿ ಅದೂ ಬಾಯಿಪಾಠವಾಯಿತು ಅನ್ನುವುದೇ ವಿಪರ್ಯಾಸ.

ಬಾಯಿಪಾಠಕ್ಕಿಂತ ಹೆಚ್ಚು ಕಾಟ ಕೊಡುವುದು ಅಡ್ಡಿ. 2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಿಂದ ಹೊರಟ ಸ್ಪ್ಯಾನೇರ್ ಸಂಸ್ಥೆಯ ಎಂಡಿ-82 ವಿಮಾನವನ್ನೇ ನೋಡಿ. ರನ್‌ವೇ ತನಕ ಹೋಗಿ, ಉಷ್ಣಾಂಶ ಅಳೆಯುವ ಸಾಧನವೊಂದು ಕೆಟ್ಟದ್ದರಿಂದ ವಾಪಸು ಬಂದಿತ್ತು. ಆ ಸಾಧನದ ಹೀಟರ್ ಸಂಪರ್ಕ ತಪ್ಪಿಸಿ ಹಾರಲು ಬಿಟ್ಟರು, ಹೊತ್ತು ಮೀರಿತ್ತು. ಎರಡನೇ ಸಲ ಎಂಜಿನ್ ಚಾಲೂ ಮಾಡಿ ಚೆಕ್‌ಲಿಸ್ಟ್ ಓದುತ್ತಿದ್ದಾಗ, ಫ್ಲಾಪ್‌ಗಳ ಸಾಲು ಬರುವ ಹೊತ್ತಿಗೆ ಸರಿಯಾಗಿ, ಹೊರಡಲು ಅನುಮತಿ ಕೇಳುವಂತೆ ಕ್ಯಾಪ್ಟನ್ ಸಹ ಪೈಲಟ್‌ಗೆ ಹೇಳಿದರು. ಅವರು ರೇಡಿಯೊ ಕಡೆ ತಿರುಗಿದರು. ಬಿಟ್ಟ ಸಾಲಿಗೆ ಮತ್ತೆ ಯಾರೂ ಮರಳಲಿಲ್ಲ.

ಫ್ಲಾಪ್ ಅಂದರೆ ರೆಕ್ಕೆಯ ಹಿಂಬದಿಯಿಂದ ಹೊರಚಾಚಿ ಕೆಳಕ್ಕೆ ಬಾಗುವ ಪಟ್ಟಿ. ಮುಂಬದಿಯಲ್ಲಿ ಚಾಚುವುದು ಸ್ಲ್ಯಾಟ್. ಎರಡೂ ಹೊರಬಂದರೆ ರೆಕ್ಕೆ ಹೆಚ್ಚು ಬಾಗಿ, ಹೆಚ್ಚು ಅಗಲವಾಗಿ, ಕಡಿಮೆ ವೇಗದಲ್ಲೂ ಭಾರ ಹೊರುತ್ತದೆ. ಅವಿಲ್ಲದೆ ಮೂತಿ ಎತ್ತಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಿತ್ತುಹೋಗುತ್ತದೆ, ವಿಮಾನಕ್ಕೆ ಗಾಳಿಯ ಆಸರೆಯೇ ತಪ್ಪುತ್ತದೆ. ಮ್ಯಾಡ್ರಿಡ್‌ನಲ್ಲಿ ಆದದ್ದು ಅದೇ. ಫ್ಲಾಪ್ 11 ಡಿಗ್ರಿ ಇರಬೇಕಿತ್ತು, ಕೊನೆಯ ಪರಿಶೀಲನೆಯಲ್ಲಿ ಸಹ ಪೈಲಟ್ 'ಹನ್ನೊಂದು' ಎಂದು ಹೇಳಿಯೂ ಬಿಟ್ಟರು. ಎದುರಿನ ಸೂಚಕದಲ್ಲಿ ಇದ್ದದ್ದು ಸೊನ್ನೆ. ಕೂಗಿ ಎಚ್ಚರಿಸಬೇಕಿದ್ದ ಅಲಾರಂ ಮೊಳಗಲಿಲ್ಲ. 172 ಜನರಲ್ಲಿ ಉಳಿದವರು 18. ಇಪ್ಪತ್ತೊಂದು ವರ್ಷ ಹಿಂದೆ, 1987ರಲ್ಲಿ, ಡೆಟ್ರಾಯಿಟ್‌ನಲ್ಲಿ ಇದೇ ಮಾದರಿಯ ವಿಮಾನ ಇದೇ ರೀತಿ ಫ್ಲಾಪ್ ಇಲ್ಲದೆ ಹೊರಟು ಬಿದ್ದಿತ್ತು. ಅಲ್ಲಿಯೂ ಅಲಾರಂ ಮೌನವಾಗಿತ್ತು.

'ಆಮೇಲೆ ಮಾಡಬೇಕು' ಎಂಬ ನೆನಪನ್ನು ನಾಸಾದ ಕೀ ಡಿಸ್ಮುಕೆಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಈ ನೆನಪಿಗೆ ತಾನಾಗಿ ಏಳುವ ಶಕ್ತಿ ಕಡಿಮೆ, ಯಾವುದಾದರೂ ಸುಳಿವು ಬಂದು ಎಬ್ಬಿಸಬೇಕು. ರೂಢಿಯ ಕೆಲಸದಲ್ಲಿ ಒಂದು ಹೆಜ್ಜೆ ಮುಂದಿನ ಹೆಜ್ಜೆಗೆ ಸುಳಿವು. ನಡುವೆ ಯಾರೋ ಕರೆದರೆ ಆ ಸರಪಳಿ ತುಂಡಾಗುತ್ತದೆ. ಮರಳಿ ಬಂದ ಮನಸ್ಸು ಮುಂದಿನ ಹೆಜ್ಜೆಯ ವಾಸನೆ ಹಿಡಿದು ಹೊರಟುಬಿಡುತ್ತದೆ, ಬಿಟ್ಟುಹೋದದ್ದನ್ನು ಮುಗಿದದ್ದೆಂದೇ ನಂಬುತ್ತದೆ. ಎಷ್ಟೋ ವಿಮಾನ ಸಂಸ್ಥೆಗಳು ಈಗ ಚಕ್ರ ಉರುಳುವ ಮುಂಚೆಯೇ ಫ್ಲಾಪ್ ಹಾಕಿಸುತ್ತವೆ. ರನ್‌ವೇಗೆ ಸಾಗುವ ದಾರಿಯಲ್ಲಿ ರೇಡಿಯೊ ಮಾತು, ತಿರುವು, ಅಡ್ಡ ಬರುವ ವಿಮಾನ ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತವೆ, ಆ ಗದ್ದಲಕ್ಕೆ ಇದೊಂದು ಕೆಲಸ ಸಿಕ್ಕದಿರಲಿ ಎಂದು. ಹತ್ತು ಸಾವಿರ ಅಡಿ ದಾಟುವವರೆಗೆ ಕಾಕ್‌ಪಿಟ್‌ನಲ್ಲಿ ಹರಟೆ ಕೂಡದು ಎಂಬ ನಿಯಮವನ್ನು ಅಮೆರಿಕ 1981ರಲ್ಲೇ ತಂದಿತ್ತು. ಆದರೆ ಕೆಲಸದ ಮಾತೇ ಅಡ್ಡಿಯಾದರೆ ಆ ನಿಯಮ ಏನು ಮಾಡೀತು?

ಮೆಲ್ಬರ್ನ್‌ನದು ಒಂದು ಅಂಕಿಯ ಕಥೆ. 2009ರ ಮಾರ್ಚ್ 20ರಂದು ದುಬೈಗೆ ಹೊರಟಿದ್ದ ಎಮಿರೇಟ್ಸ್‌ನ ಏರ್‌ಬಸ್ ಎ340-500 ವಿಮಾನದ ತೂಕ 362.9 ಟನ್. ಲ್ಯಾಪ್‌ಟಾಪ್‌ಗೆ ತುಂಬಿಸಿದ್ದು 262.9. ಪ್ರತಿ ಟೇಕಾಫ್‌ಗೂ ಎಂಜಿನ್‌ನ ಪೂರ್ತಿ ಬಲ ಬಳಸುವುದಿಲ್ಲ. ತೂಕ, ಗಾಳಿ, ರನ್‌ವೇ ಉದ್ದ ನೋಡಿ ಸಾಕಾಗುವಷ್ಟನ್ನೇ ಲೆಕ್ಕ ಹಾಕುತ್ತಾರೆ, ಎಂಜಿನ್ ಬಾಳಿಕೆ ಬರಲಿ ಎಂದು. ನೂರು ಟನ್ ಹಗುರವೆಂದು ತಿಳಿದ ಕಂಪ್ಯೂಟರ್ ಅದಕ್ಕೆ ತಕ್ಕ ಬಲ, ಅದಕ್ಕೆ ತಕ್ಕ ವೇಗ ಕೊಟ್ಟಿತು. ನಂತರದ ಪರಿಶೀಲನೆಗಳಲ್ಲೂ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಬೇರೆ ಬೇರೆ ತೂಕದ ವಿಮಾನಗಳನ್ನು ಹಾರಿಸಿದವರಿಗೆ 262 ಅನ್ನುವ ಸಂಖ್ಯೆ ಅಪರಿಚಿತವೂ ಅಲ್ಲ. ರನ್‌ವೇ ಮುಗಿಯುತ್ತಾ ಬಂದಾಗ ಮೂತಿ ಎತ್ತಿದರು. ಬಾಲ ನೆಲಕ್ಕೆ ಉಜ್ಜಿತು, ಚಕ್ರ ಏಳಲಿಲ್ಲ. ಕ್ಯಾಪ್ಟನ್ ಪೂರ್ತಿ ಬಲ ಕೊಟ್ಟರು. ರನ್‌ವೇ ಆಚೆಗಿನ ಆಂಟೆನಾಗೆ ತಗುಲಿಕೊಂಡೇ ವಿಮಾನ ಮೇಲೆದ್ದು, ಇಂಧನ ಸುರಿದು, ಸುರಕ್ಷಿತವಾಗಿ ಇಳಿಯಿತು. ಒಳಗಿದ್ದ 275 ಜನರಲ್ಲಿ ಒಬ್ಬರಿಗೂ ಗಾಯವಿಲ್ಲ. ನೂರು ಟನ್ ವ್ಯತ್ಯಾಸ ಪೈಲಟ್‌ನ ಮೈಗೆ ಗೊತ್ತಾಗಬಾರದೇ ಅಂತ ನಾವು ಕೇಳಬಹುದು. ಗೊತ್ತಾಗುವುದಿಲ್ಲ. ಮೆಲ್ಲಗೆ ವೇಗ ಹಿಡಿಯುವುದು ದೊಡ್ಡ ವಿಮಾನಗಳಿಗೆ ಸಹಜವೇ.

ನೆಲ ಬಿಟ್ಟ ಮೇಲೂ ಈ ರೋಗ ಬೆನ್ನು ಬಿಡುವುದಿಲ್ಲ. 2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಕಾದಿಂದ ಹೊರಟ ಹೀಲಿಯೊಸ್ ಸಂಸ್ಥೆಯ 737ರಲ್ಲಿ, ಒಳಗಿನ ಗಾಳಿಯ ಒತ್ತಡ ಕಾಯುವ ಸ್ವಿಚ್ 'ಆಟೊ' ಬದಲು 'ಮ್ಯಾನ್ಯುಯಲ್'ನಲ್ಲಿತ್ತು. ದುರಸ್ತಿಯ ಪರೀಕ್ಷೆ ನಂತರ ಹಾಗೇ ಉಳಿದಿತ್ತು, ಹಾರುವ ಮುಂಚಿನ ಯಾವ ಪರಿಶೀಲನೆಯಲ್ಲೂ ಸಿಕ್ಕಲಿಲ್ಲ. ಹೊರಟು ಸುಮಾರು ಐದು ನಿಮಿಷಕ್ಕೆ ಹಾರ್ನ್ ಕೂಗಿತು. ಆ ಮಾದರಿಯಲ್ಲಿ ಒಂದೇ ಹಾರ್ನ್‌ಗೆ ಎರಡು ಅರ್ಥ: ನೆಲದ ಮೇಲಾದರೆ 'ಟೇಕಾಫ್‌ಗೆ ವಿಮಾನ ಸಿದ್ಧವಾಗಿಲ್ಲ', ಆಕಾಶದಲ್ಲಾದರೆ 'ಒಳಗೆ ಗಾಳಿ ತೆಳುವಾಗುತ್ತಿದೆ'. ಪೈಲಟ್‌ಗಳು ಹಿಡಿದದ್ದು ಮೊದಲ ಅರ್ಥವನ್ನು. ಆಕಾಶದಲ್ಲಿದ್ದುಕೊಂಡು ಟೇಕಾಫ್ ಎಚ್ಚರಿಕೆ ಏಕೆ ಎಂದು ರೇಡಿಯೊದಲ್ಲಿ ವಿಚಾರಿಸುತ್ತಿದ್ದಂತೆ ವಿಮಾನ ಏರುತ್ತಲೇ ಇತ್ತು. ಆಮ್ಲಜನಕದ ಕೊರತೆಯ ಕುಹಕ ಎಂಥದ್ದೆಂದರೆ ಅದು ನೋವು ಕೊಡುವುದಿಲ್ಲ, ಉಸಿರು ಕಟ್ಟಿಸುವುದಿಲ್ಲ, ಮೊದಲು ಕಸಿಯುವುದು ವಿವೇಚನೆಯನ್ನು. ಆಟೋಪೈಲಟ್ 34,000 ಅಡಿಗೆ ಒಯ್ದು ಸುತ್ತು ಹೊಡೆಸಿತು. ಇಂಧನ ತೀರಿ ಅಥೆನ್ಸ್ ಬಳಿಯ ಬೆಟ್ಟಕ್ಕೆ ಬಿದ್ದಾಗ ಒಳಗಿದ್ದವರು 121 ಜನ. ಎರಡು ಎಚ್ಚರಿಕೆಗೆ ಒಂದೇ ದನಿ ಕೊಟ್ಟವರ ಪಾಲು ಈ ತಪ್ಪಿನಲ್ಲಿ ಸಣ್ಣದಲ್ಲ ಅನ್ನುವುದು ನನ್ನ ಅಭಿಪ್ರಾಯ.

ಏರುವ ಹಾದಿಯಲ್ಲಿ ಎಂಜಿನ್ ಕೆಟ್ಟರೆ? 1989ರ ಜನವರಿ 8ರಂದು ಬ್ರಿಟಿಷ್ ಮಿಡ್‌ಲ್ಯಾಂಡ್‌ನ ಹೊಸ 737-400 ವಿಮಾನ ಏರುತ್ತಿರುವಾಗ ಎಡ ಎಂಜಿನ್‌ನ ಬ್ಲೇಡ್ ಮುರಿಯಿತು. ನಡುಕ, ಹೊಗೆ ವಾಸನೆ. ಹಳೆಯ ಮಾದರಿಗಳಲ್ಲಿ ಒಳಗಿನ ಗಾಳಿ ಹೆಚ್ಚಾಗಿ ಬಲ ಎಂಜಿನ್‌ನಿಂದ ಬರುತ್ತಿತ್ತು. ಹಾಗಾಗಿ ಹೊಗೆಯೂ ಬಲಗಡೆಯದರಿಂದಲೇ ಎಂದು ಕ್ಯಾಪ್ಟನ್ ಎಣಿಸಿದರು. ಬಲಗಡೆಯ ಎಂಜಿನ್‌ನ ವೇಗ ಇಳಿಸಿದ ಕೂಡಲೇ ನಡುಕ ತಗ್ಗಿತು. ಕಾರಣ ಬೇರೆ: ಎಂಜಿನ್‌ಗಳ ವೇಗವನ್ನು ತಾನಾಗಿ ಹೊಂದಿಸುವ ಆಟೋಥ್ರಾಟಲ್ ಅನ್ನು ಆ ಕ್ಷಣದಲ್ಲೇ ಬಿಡಿಸಿದ್ದರಿಂದ ಎಡ ಎಂಜಿನ್ ಮೇಲಿನ ಒತ್ತಡವೂ ಕಡಿಮೆಯಾಗಿತ್ತು. ಊಹೆ ನಿಜವಾಯಿತೆಂದು ನಂಬಿ, ಸರಿಯಿದ್ದ ಎಂಜಿನ್ನನ್ನು ಪೂರ್ತಿ ನಿಲ್ಲಿಸಿದರು. ಲಿವರ್ ಎಳೆಯುವ ಮುನ್ನ ಇಬ್ಬರೂ ನೋಡಿ ಖಚಿತಪಡಿಸಿಕೊಳ್ಳಬೇಕು ಎಂದು ಇಂದು ಎಲ್ಲೆಡೆ ಕಲಿಸುತ್ತಾರೆ. ಆದರೂ 2015ರಲ್ಲಿ ತೈಪೆಯಲ್ಲಿ ಟೇಕಾಫ್ ಆದ ಬೆನ್ನಿಗೇ ಕೆಟ್ಟ ಎಂಜಿನ್ ಬದಲು ಸರಿಯಿದ್ದದ್ದೇ ನಿಂತಿತು, 43 ಜನ ಸತ್ತರು.

ಬ್ರಿಟನ್ನಿನ ಆ ವಿಮಾನ ಕೆಗ್‌ವರ್ತ್ ಊರಿನ ಹತ್ತಿರ, ರನ್‌ವೇಗೆ ಸ್ವಲ್ಪವೇ ದೂರವಿರುವಾಗ ಬಿತ್ತು. ಸತ್ತವರು 47. ಬಲ ಎಂಜಿನ್‌ನಲ್ಲಿ ತೊಂದರೆ ಇತ್ತು, ಅದನ್ನು ನಿಲ್ಲಿಸಿದ್ದೇವೆ ಎಂದು ಕ್ಯಾಪ್ಟನ್ ಮೈಕಿನಲ್ಲಿ ತಿಳಿಸಿದ್ದರು. ಎಡ ಎಂಜಿನ್‌ನಿಂದ ಹೊರಟ ಕಿಡಿಗಳನ್ನು ಪ್ರಯಾಣಿಕರಲ್ಲಿ ಹಲವರು ಕಿಟಕಿಯಿಂದ ಕಂಡಿದ್ದರು. ಯಾರೂ ಎದ್ದು ಹೋಗಿ ಹೇಳಲಿಲ್ಲ.