ಐವತ್ತರ ದಶಕದ ಡ್ರೈಯರ್: ನೋಡುವುದಕ್ಕೋ, ಬಟ್ಟೆ ಒಣಗಿಸುವುದಕ್ಕೋ?

ಪ್ರಶ್ನೆ: 1950ರ ದಶಕದ ಅಮೆರಿಕನ್ ವಿದ್ಯುತ್ ಡ್ರೈಯರ್ ಒಂದು ನನ್ನ ಸಂಗ್ರಹಕ್ಕೆ ಸೇರಿದೆ. ಬಣ್ಣ ಮಾಸಿಲ್ಲ, ಡ್ರಮ್ ಸರಾಗವಾಗಿ ತಿರುಗುತ್ತದೆ. ಇದರಲ್ಲಿ ನಿಜವಾಗಿಯೂ ಬಟ್ಟೆ ಒಣಗಿಸಬಹುದೇ? ವಿದ್ಯುತ್ ವಿಪರೀತ ಎಳೆಯುತ್ತದೆ, ಬೆಂಕಿ ಹತ್ತಿಕೊಳ್ಳುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ.

ಉತ್ತರ: ಒಣಗಿಸಬಹುದು, ಒಳಗನ್ನು ಬಿಚ್ಚಿ ನೋಡಿದ ಮೇಲೆ. ಹೆದರಿಸುವವರ ಎರಡು ಮಾತುಗಳಲ್ಲಿ ಮೊದಲನೆಯದು ಬಹುಪಾಲು ಸುಳ್ಳು. ಎರಡನೆಯದು ನಿಜ, ಆದರೆ ಅದಕ್ಕೆ ಕಾರಣ ಯಂತ್ರದ ವಯಸ್ಸು ಎಂದುಕೊಳ್ಳುವುದು ತಪ್ಪು.

ವಿದ್ಯುತ್ತಿನ ಲೆಕ್ಕ ಸರಳ. ಬಟ್ಟೆಯಲ್ಲಿರುವ ಒಂದು ಲೀಟರ್ ನೀರನ್ನು ಆವಿಯಾಗಿಸಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಅಂದರೆ ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಭಾಗ. 1955ರಲ್ಲೂ ಅಷ್ಟೇ ಬೇಕಿತ್ತು, ಈಗಲೂ ಅಷ್ಟೇ ಬೇಕು. ಕಾಯಿಲ್ ಕಾಯಿಸಿ, ಬಿಸಿಗಾಳಿ ಹಾಯಿಸಿ, ಆವಿಯನ್ನು ಹೊರಗೆ ತಳ್ಳುವ ಡ್ರೈಯರ್ ಯಾವ ಕಾಲದ್ದಾದರೂ ಇದಕ್ಕಿಂತ ಕಡಿಮೆಯಲ್ಲಿ ಕೆಲಸ ಮುಗಿಸಲಾರದು. ಹಳೆಯದು ಹಿಂದೆ ಬೀಳುವುದು ತಗಡಿನ ಮೈಯಿಂದ ಸೋರುವ ಶಾಖದಲ್ಲಿ, ಮತ್ತು ಬಟ್ಟೆ ಒಣಗಿದ ಮೇಲೂ ಸುಮ್ಮನೆ ಸುತ್ತುತ್ತಿರುವುದರಲ್ಲಿ. ನಿಜವಾದ ಅಂತರ ಕಾಣುವುದು ಹೀಟ್ ಪಂಪ್ ಡ್ರೈಯರಿನ ಪಕ್ಕದಲ್ಲಿಟ್ಟಾಗ. ಅದು ಆವಿಯಲ್ಲಿರುವ ಶಾಖವನ್ನೇ ಹಿಂದಕ್ಕೆ ಪಡೆದು ಸರಿಸುಮಾರು ಅರ್ಧ ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತದೆ. ಆ ಹೋಲಿಕೆಯಲ್ಲಿ ಇಂದಿನ ಸಾಧಾರಣ ಡ್ರೈಯರ್ ಕೂಡ ಸೋಲುತ್ತದೆ. ಖರ್ಚು ತಗ್ಗಬೇಕಾದರೆ ವಾಷಿಂಗ್ ಮಷೀನಿನಲ್ಲೇ ಬಟ್ಟೆಯನ್ನು ಚೆನ್ನಾಗಿ ಹಿಂಡಿಸಿ. ನೀರನ್ನು ತಿರುಗಿಸಿ ಚೆಲ್ಲುವುದು ಕಾಯಿಸಿ ಓಡಿಸುವುದಕ್ಕಿಂತ ಬಹಳ ಅಗ್ಗ.

ಇಲ್ಲಿ ಆ ಕಾಲದ ಎಂಜಿನಿಯರುಗಳ ಒಂದು ಉಪಾಯವನ್ನು ಹೇಳದೆ ಮುಂದೆ ಹೋಗಲಾರೆ. ಡ್ರೈಯರುಗಳನ್ನು ಸಂಗ್ರಹಿಸಲು ನನಗೆ ಅದೊಂದೇ ಕಾರಣ ಸಾಕು. ಒಣಗಿದಾಗ ತಾನೇ ನಿಲ್ಲುವ ಹಳೆಯ ಮಾದರಿಗಳಲ್ಲಿ ಚಿಪ್ ಇಲ್ಲ, ತೇವ ಅಳೆಯುವ ಸಾಧನವೂ ಇಲ್ಲ. ಇರುವುದು ಹೊರಹೋಗುವ ಗಾಳಿಯ ದಾರಿಯಲ್ಲೊಂದು ಥರ್ಮೋಸ್ಟಾಟ್ ಮತ್ತು ಪುಟ್ಟ ಮೋಟಾರಿನ ಟೈಮರ್. ಕಾಯಿಲ್ ಉರಿಯುತ್ತಿರುವಷ್ಟು ಹೊತ್ತು ಟೈಮರಿಗೆ ವಿದ್ಯುತ್ ಹೋಗುವುದಿಲ್ಲ; ಕಾಯಿಲ್ ಆರಿದಾಗ ಮಾತ್ರ ಟೈಮರ್ ಮುಂದೆ ಸರಿಯುತ್ತದೆ. ಬಟ್ಟೆ ಒದ್ದೆಯಾಗಿದ್ದಾಗ ಆವಿಯಾಗುವ ನೀರು ಶಾಖವನ್ನೆಲ್ಲ ಹೀರಿಕೊಂಡು ಗಾಳಿಯನ್ನು ತಂಪಾಗಿಡುತ್ತದೆ, ಥರ್ಮೋಸ್ಟಾಟ್ ಕಾಯಿಲನ್ನು ಆರಿಸುವುದಿಲ್ಲ, ಟೈಮರಿನ ಮುಳ್ಳು ಕದಲುವುದಿಲ್ಲ. ಬಟ್ಟೆ ಒಣಗುತ್ತ ಬಂದಂತೆ ಗಾಳಿ ಬಿಸಿಯೇರುತ್ತದೆ, ಕಾಯಿಲ್ ಆಗಾಗ ಆರುತ್ತದೆ, ಆರಿದಷ್ಟು ಹೊತ್ತು ಮುಳ್ಳು ಸರಿಯುತ್ತದೆ. ಹೀಗೆ ಶೂನ್ಯ ಮುಟ್ಟಿದಾಗ ಬಟ್ಟೆ ಒಣಗಿರುತ್ತದೆ. ಎರಡು ಸ್ವಿಚ್ಚುಗಳ ನಡುವಿನ ತಂತಿಯನ್ನು ಜಾಣತನದಿಂದ ಜೋಡಿಸಿದ್ದೇ ಇಲ್ಲಿನ ಬುದ್ಧಿಯೆಲ್ಲ. ನಿಮ್ಮ ಡ್ರೈಯರಿನ ಮುಳ್ಳು ಹದಿನೈದು ನಿಮಿಷ ನಿಂತಲ್ಲೇ ನಿಂತಿದ್ದರೆ ಟೈಮರ್ ಕೆಟ್ಟಿದೆ ಎಂದು ಬದಲಿಸಲು ಹೋಗಬೇಡಿ. ಹಾಗೆ ಒಳ್ಳೆಯ ಟೈಮರುಗಳನ್ನು ಎಸೆದವರು ಕಡಿಮೆ ಇರಲಾರರು.

ಇನ್ನು ಬೆಂಕಿ. ಅಮೆರಿಕದ ಅಗ್ನಿಶಾಮಕ ಆಡಳಿತದ 2008ರಿಂದ 2010ರವರೆಗಿನ ದಾಖಲೆಯಂತೆ ಆ ದೇಶದ ವಾಸದ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳು ಸಂಭವಿಸಿದವು. ಎಲ್ಲಕ್ಕಿಂತ ದೊಡ್ಡ ಕಾರಣ, ಶೇಕಡಾ 34ರಷ್ಟು, ಶುಚಿ ಮಾಡದೆ ಬಿಟ್ಟದ್ದು. ಬಟ್ಟೆಯಿಂದ ಉದುರುವ ನೂಲಿನ ಧೂಳು ಜಾಲರಿಯಲ್ಲಿ ಪೂರ್ತಿ ನಿಲ್ಲುವುದಿಲ್ಲ. ಡ್ರಮ್ಮಿನ ಅಂಚಿನಿಂದ ನುಸುಳಿ ಕಾಯಿಲಿನ ಸುತ್ತ, ಮೋಟಾರಿನ ಮೇಲೆ, ತಳದಲ್ಲಿ ಕೂರುತ್ತದೆ. ಎಪ್ಪತ್ತು ವರ್ಷದ ಯಂತ್ರದಲ್ಲಿ ಎಪ್ಪತ್ತು ವರ್ಷದ ಧೂಳು ಇರಬಹುದು, ವ್ಯತ್ಯಾಸ ಅಷ್ಟೇ. ಪ್ಲಗ್ ಹಾಕುವ ಮೊದಲು ಹಿಂದಿನ ಮತ್ತು ಮುಂದಿನ ತಗಡುಗಳನ್ನು ಬಿಚ್ಚಿ, ಗಾಳಿ ಹೋಗುವ ದಾರಿಯನ್ನೆಲ್ಲ ಶುಚಿ ಮಾಡಿ. ಹೊರಕೊಳವೆ ನಯವಾದ ಲೋಹದ್ದಾಗಿರಲಿ, ಚಿಕ್ಕದಾಗಿರಲಿ. ಸುರುಳಿಯಂತಹ ಪ್ಲಾಸ್ಟಿಕ್ ಕೊಳವೆಯನ್ನು ಮಾತ್ರ ಬೇಡವೇ ಬೇಡ ಅನ್ನುತ್ತೇನೆ.

ಆದರೆ ಧೂಳಿಗೆ ಕೈ ಹಾಕುವ ಮೊದಲು ಒಂದು ಎಚ್ಚರ. ಆ ಕಾಲದ ಕೆಲವು ಯಂತ್ರಗಳಲ್ಲಿ ಶಾಖದ ಜಾಗದ ತಂತಿಯ ಹೊದಿಕೆಯಲ್ಲಿ, ತಡೆಹಾಳೆಯಲ್ಲಿ ಕಲ್ನಾರು, ಅಂದರೆ ಉಸಿರಿನೊಳಗೆ ಹೋದರೆ ಅಪಾಯಕಾರಿಯಾದ ಆಸ್ಬೆಸ್ಟಾಸ್, ಇರುತ್ತದೆ. ಬಿಳಿ ಅಥವಾ ಬೂದು ಬಣ್ಣದ ನಾರಿನ ಹಾಳೆ ಉದುರುತ್ತಿದ್ದರೆ ಗಾಳಿ ಊದಬೇಡಿ, ಮನೆಯ ವ್ಯಾಕ್ಯೂಮ್ ಹಿಡಿಯಬೇಡಿ, ತಿಳಿದವರಿಂದ ಪರೀಕ್ಷೆ ಮಾಡಿಸಿ.

ವಿದ್ಯುತ್ ಸಂಪರ್ಕದಲ್ಲಿ ಹೊಸ ಸಂಗ್ರಾಹಕರು ಮೋಸಹೋಗುವುದೇ ಹೆಚ್ಚು. ಅಮೆರಿಕದ ಡ್ರೈಯರಿಗೆ 240 ವೋಲ್ಟ್ ಬೇಕು ಎಂಬುದು ಅರ್ಧ ಸತ್ಯ. ಅಷ್ಟು ವೋಲ್ಟ್ ಬೇಕಾದದ್ದು ಕಾಯಿಲಿಗೆ. ಮೋಟಾರು, ಟೈಮರು, ದೀಪ ಸಾಮಾನ್ಯವಾಗಿ 120 ವೋಲ್ಟಿನವು. ಅಲ್ಲಿ ಎರಡು ಫೇಸ್ ತಂತಿಗಳ ನಡುವೆ 240, ಒಂದಕ್ಕೂ ನ್ಯೂಟ್ರಲಿಗೂ ನಡುವೆ 120 ಸಿಗುತ್ತದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ 230 ವೋಲ್ಟ್ ಇರುವ ದೇಶದಲ್ಲಿ ಹಾಗೆಯೇ ಜೋಡಿಸಿದರೆ ಕಾಯಿಲ್ ಚೆನ್ನಾಗಿಯೇ ಕಾಯುತ್ತದೆ, ಮೋಟಾರು ಸುಟ್ಟುಹೋಗುತ್ತದೆ. ಮೋಟಾರಿನ ಕಡೆಗೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕು. ಹಾಗೆ ಮಾಡಿದರೂ 60 ಹರ್ಟ್ಸಿನ ಯಂತ್ರ 50 ಹರ್ಟ್ಸಿನಲ್ಲಿ ನಿಧಾನವಾಗಿ ತಿರುಗುತ್ತದೆ, ಟೈಮರಿನ 60 ನಿಮಿಷ 72 ನಿಮಿಷವಾಗುತ್ತದೆ, ಮೋಟಾರು ಹೆಚ್ಚು ಬಿಸಿಯಾಗುತ್ತದೆ. ಇನ್ನೊಂದು: ಹಳೆಯ ಮೂರು ತಂತಿಯ ಜೋಡಣೆಯಲ್ಲಿ ಯಂತ್ರದ ತಗಡಿನ ಮೈಯನ್ನು ನ್ಯೂಟ್ರಲಿಗೇ ಕಟ್ಟಿರುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಸಡಿಲವಾದರೆ ಇಡೀ ಮೈಗೆ ವಿದ್ಯುತ್ ಹರಿಯುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆ 1996ರಿಂದ ಹೊಸ ಸಂಪರ್ಕಗಳಿಗೆ ನಾಲ್ಕು ತಂತಿ ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ. ನ್ಯೂಟ್ರಲನ್ನು ಮೈಯಿಂದ ಬಿಡಿಸಿ ಪ್ರತ್ಯೇಕ ಅರ್ಥಿಂಗ್ ಕೊಡಿಸಿ. ಇದರಿಂದ ಯಂತ್ರದ ಹಳೆತನಕ್ಕೆ ಧಕ್ಕೆ ಬಂತು ಎಂದು ಗೊಣಗುವ ಶುದ್ಧವಾದಿಗಳಿದ್ದಾರೆ, ಗೊಣಗಲಿ.

ಬೆಲ್ಟ್, ಉರುಳೆಗಳ ರಬ್ಬರು, ಅಂಚಿನ ಉಣ್ಣೆಪಟ್ಟಿ ಇವು ಸವೆಯುವ ಸಾಮಾನು, ಬದಲಿಸಿದರೆ ಮುಗಿಯಿತು. ಬಾಗಿಲು ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುತ್ತದೆಯೇ ಎಂದು ನೋಡಿ. ಇಲ್ಲದಿದ್ದರೆ ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬೀಗವೇ ಸರಿ. ಯಂತ್ರ ಓಡುತ್ತಿರುವಾಗ ಮನೆ ಬಿಟ್ಟು ಹೋಗುವುದು ಬೇಡ.

ನಿಮ್ಮ ಡ್ರೈಯರಿನ ಬಾಗಿಲಿನಲ್ಲಿ ಗಾಜು ಇದೆಯೇ? ಇದ್ದರೆ ಅದರ ಹಿಂದೆ ಒಂದು ಕಥೆಯಿದೆ. ನಾರ್ತ್ ಡಕೋಟಾದ ಜೆ. ರಾಸ್ ಮೂರ್ ರೂಪಿಸಿದ ಯಂತ್ರವನ್ನು ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಊರಿನ ಹ್ಯಾಮಿಲ್ಟನ್ ಕಂಪನಿ 1938ರಲ್ಲಿ ಮಾರುಕಟ್ಟೆಗೆ ತಂದಿತು. ಮುದ್ರಣಾಲಯಗಳಿಗೆ ಮರದ ಅಚ್ಚುಮೊಳೆ ಮಾಡಿ ಹೆಸರಾದ ಕಂಪನಿ ಅದು. ಬರಿಯ ಬಿಳಿ ಪೆಟ್ಟಿಗೆಯಾದರೆ ಯಾರು ಕೊಳ್ಳುತ್ತಾರೆ, ಬಾಗಿಲಿಗೆ ಗಾಜು ಹಾಕಿ, ಅಂಗಡಿಯಲ್ಲಿ ಒಳಗೆ ಢಾಳು ಬಣ್ಣದ ಚಡ್ಡಿಗಳನ್ನು ತಿರುಗಲು ಬಿಡಿ ಎಂದು ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ ಹೇಳಿದರಂತೆ. ಯುದ್ಧ ಬಂದು ಇಂತಹ ಯಂತ್ರಗಳ ತಯಾರಿಕೆ ನಿಂತುಹೋದ್ದರಿಂದ ಅದಕ್ಕೆ ಮೊದಲಿನವು ಈಗ ಬಹಳ ಅಪರೂಪ.

ಕಾಲ ಗುರುತಿಸಲು ತಿರುಗಣಿಯ ಸುತ್ತಲಿನ ಬರಹ ನೆರವಾಗುತ್ತದೆ. ಅಲ್ಲಿ ಪರ್ಮನೆಂಟ್ ಪ್ರೆಸ್ ಎಂದಿದ್ದರೆ ಅದು ಐವತ್ತರ ದಶಕದ್ದಲ್ಲ. ಇಸ್ತ್ರಿ ಬೇಡದ ಆ ಬಟ್ಟೆಗಳು ಬಂದದ್ದೇ ಅರವತ್ತರ ದಶಕದಲ್ಲಿ. ಮಾರಿದವರ ಮಾತಿಗಿಂತ ಆ ಬರಹವನ್ನು ನಂಬಿ.

ಡ್ರಮ್ಮಿನ ಬಳಿ ಬೆರಳುದ್ದದ ನೀಲಿ ದೀಪವೊಂದು ಕಂಡರೆ ಅದು ಓಜೋನ್ ದೀಪ. ಬಟ್ಟೆಗೆ ಬಿಸಿಲಿನಲ್ಲಿ ಒಣಗಿದ ವಾಸನೆ ಬರಲೆಂದು ಇಟ್ಟದ್ದು. ಅದು ಸೂಸುವುದು ಅತಿನೇರಳೆ ಬೆಳಕು, ಉರಿಯುವಾಗ ದಿಟ್ಟಿಸಬೇಡಿ. ಸುಟ್ಟಿದ್ದರೆ ಹೊಸದನ್ನು ಬ್ಯಾಲಸ್ಟ್ (ದೀಪಕ್ಕೆ ಹೋಗುವ ವಿದ್ಯುತ್ತನ್ನು ಮಿತಿಯಲ್ಲಿಡುವ ಸಾಧನ) ಇಲ್ಲದೆ ನೇರವಾಗಿ ಜೋಡಿಸಬೇಡಿ, ಕ್ಷಣದಲ್ಲಿ ಹೋಗಿಬಿಡುತ್ತದೆ. ಅದಿಲ್ಲದೆಯೂ ಡ್ರೈಯರ್ ಓಡುತ್ತದೆ.